ಒಂದೇ ಅಂಗಡಿಯಲ್ಲಿ ಎರಡು ಕೀರ್ದಿ

ದೀಪಾವಳಿಯ ದಿನ ಕೆಂಪು ಹೊದಿಕೆಯ ಹೊಸ ವಹಿಯನ್ನು ಮಣೆಯ ಮೇಲಿಟ್ಟು ಪೂಜಿಸುವ ಪದ್ಧತಿಯನ್ನು ಬೆಳಗಾವಿ ಸೀಮೆಯ ಹಿರಿಯ ವ್ಯಾಪಾರಿಗಳು ಇಂದಿಗೂ ಬಿಟ್ಟಿಲ್ಲ. ಆದರೆ ಪೂಜೆಗೊಂಡ ವಹಿ ಮರುದಿನ ಕಪಾಟನ್ನು ಸೇರುತ್ತದೆ. ಲೆಕ್ಕವೆಲ್ಲ ನಡೆಯುವುದು ಗಣಕಯಂತ್ರದಲ್ಲಿ. ಇದರಲ್ಲಿ ವಿಷಾದಪಡಬೇಕಾದುದೇನೂ ಇಲ್ಲ. ಹಳೆಯ ವಹಿಗೆ ಮಾತ್ರ ಎರಡು ಗುಣಗಳಿದ್ದವು. ಅವು ಇದ್ದಾಗ ಅವುಗಳ ಬೆಲೆ ಯಾರಿಗೂ ತೋರಲಿಲ್ಲ. ಅಂಗಡಿಗೆ ಒಂದೇ ಕೀರ್ದಿ ಇರುತ್ತಿತ್ತು. ಅದು ಒಬ್ಬರ ಮುಂದಿದ್ದರೆ ಇನ್ನೊಬ್ಬರ ಮುಂದೆ ಇರುವುದು ಸಾಧ್ಯವಿರಲಿಲ್ಲ. ಮತ್ತು ಬರೆದವರಾರು ಎಂಬುದನ್ನು ಅಕ್ಷರವೇ ಹೇಳುತ್ತಿತ್ತು. ತಿದ್ದಿದರೆ ತಿದ್ದಿದ ಗುರುತು ಉಳಿಯುತ್ತಿತ್ತು. ಈ ಎರಡೂ ಗುಣಗಳನ್ನು ಗಣಕಯಂತ್ರದಲ್ಲಿಯೂ ಪಡೆಯಬಹುದು, ಆದರೆ ಅವು ತಾವಾಗಿ ಒದಗುವುದಿಲ್ಲ. ಬೇಡಕಿಹಾಳದ ಒಂದು ಸಗಟು ಕಿರಾಣಿ ಅಂಗಡಿಗೆ 2025ರಲ್ಲಿ ಇದರ ಅರಿವಾದದ್ದು ಒಂದು ಹೊಸ ಗಣಕಯಂತ್ರದ ನಿಮಿತ್ತದಿಂದ. ಸಂಬಂಧಪಟ್ಟವರ ಹೆಸರುಗಳು ಇಲ್ಲಿ ಅಗತ್ಯವಿಲ್ಲ.

ನಿಪ್ಪಾಣಿ ತಾಲ್ಲೂಕಿನ ಬೇಡಕಿಹಾಳವು ಕಬ್ಬು ಮತ್ತು ತಂಬಾಕಿನ ಸೀಮೆಯ ಊರು. ಆಚಾರ್ಯ ಶಾಂತಿಸಾಗರ ಮಹಾರಾಜರ ಹೆಸರಿನೊಡನೆ ಬೆರೆತಿರುವ ಭೋಜ ಗ್ರಾಮ ಇಲ್ಲಿಂದ ದೂರವಿಲ್ಲ. ಜನರ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಲೆಕ್ಕದ ಮಾತುಗಳಾದ ಜಮಾ, ಖರ್ಚು, ಖತಾವಣಿ, ಉದ್ರಿ ಇವು ಎರಡೂ ಭಾಷೆಗಳಿಗೆ ಸಮಾನ. ಮೇಲೆ ಹೇಳಿದ ಅಂಗಡಿಯಲ್ಲಿ ನಾಲ್ಕು ಗಣಕಯಂತ್ರಗಳಿದ್ದವು. ಅವುಗಳಲ್ಲಿ ಒಳಕೋಣೆಯ ಮರದ ಮೇಜಿನ ಕೆಳಗಿದ್ದ ಒಂದಕ್ಕೆ ಎಲ್ಲರೂ ‘ಸರ್ವರ್’ ಎನ್ನುತ್ತಿದ್ದರು. ಹೆಸರು ದೊಡ್ಡದಾದರೂ ಅದು ವಿಂಡೋಸ್ 10 ಇದ್ದ ಸಾಧಾರಣ ಯಂತ್ರವೇ. ಲೆಕ್ಕದ ಕಡತಗಳೆಲ್ಲ ಅದರೊಳಗಿದ್ದು, ಉಳಿದ ಮೂರು ಯಂತ್ರಗಳು ತಂತಿಯ ಮೂಲಕ ಅದನ್ನು ತಲುಪಿ ಅಲ್ಲಿಯೇ ಬರೆಯುತ್ತಿದ್ದವು. ಹೀಗೆ ಬರೆಯುವ ಕೈ ಹಲವಾದರೂ ಕೀರ್ದಿ ಒಂದೇ ಆಗಿತ್ತು.

ಲೆಕ್ಕ ಇಡುತ್ತಿದ್ದುದು ಟ್ಯಾಲಿಯಲ್ಲಿ. ಈ ತಂತ್ರಾಂಶದ ಹುಟ್ಟೂ ಒಂದು ವ್ಯಾಪಾರಿ ಮನೆತನದಲ್ಲಿಯೇ ಆಯಿತೆಂಬುದು ಸಂತೋಷದ ಸಂಗತಿ. ತಮ್ಮ ವ್ಯವಹಾರದ ಲೆಕ್ಕಕ್ಕೆ ತಕ್ಕ ತಂತ್ರಾಂಶ ದೊರೆಯದಿದ್ದಾಗ ಶ್ಯಾಮಸುಂದರ ಗೋಯೆಂಕಾ ಅವರು ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ಸಿದ್ಧಪಡಿಸಲು ಹೇಳಿದರು. 1986ರಲ್ಲಿ ಬೆಂಗಳೂರಿನಲ್ಲಿ ಈ ಉದ್ಯಮ ಆರಂಭವಾಯಿತು. ಇಂದು ಹಳ್ಳಿಯ ದಿವಾಣಜಿಗೂ ಅದರ ಕೀಲಿಗಳು ಕೈಪಾಠ.

ಅಂಗಡಿಯ ಯಜಮಾನರು ಊರ ಬಸದಿಯ ಟ್ರಸ್ಟಿನ ಖಜಾಂಚಿಯೂ ಹೌದು. ಆದುದರಿಂದ ಟ್ರಸ್ಟಿನ ಲೆಕ್ಕವೂ ಅದೇ ಸರ್ವರಿನಲ್ಲಿ ಬೇರೆ ಖಾತೆಯಾಗಿ ಇತ್ತು. ಎರಡನ್ನೂ ಬರೆಯುತ್ತಿದ್ದವರು ಮೂವತ್ತೊಂದು ವರ್ಷಗಳಿಂದ ಆ ಗಾದಿಯಲ್ಲಿ ಕುಳಿತ ದಿವಾಣಜಿ. ಸಣ್ಣ ಊರುಗಳ ಟ್ರಸ್ಟುಗಳಲ್ಲಿ ಇಂಥ ಏರ್ಪಾಡು ಸರ್ವೇಸಾಮಾನ್ಯ. ಖಜಾಂಚಿಯ ಅಂಗಡಿಯೇ ದೇವಸ್ಥಾನದ ಕಚೇರಿಯಾಗುತ್ತದೆ. ಕಾಗದ, ಕರೆಂಟು, ದಿವಾಣಜಿಯ ದುಡಿಮೆ ಎಲ್ಲವೂ ಅಂಗಡಿಯವು, ಅವನ್ನು ಸೇವೆಯೆಂದೇ ಬಗೆಯುತ್ತಾರೆ. ದೋಷ ಸೇವೆಯಲ್ಲಿ ಇರಲಿಲ್ಲ. ಸರ್ವರನ್ನು ತೆರೆಯಲು ಎಲ್ಲರಿಗೂ ‘ಅಡ್ಮಿನ್’ ಎಂಬ ಒಂದೇ ಹೆಸರು, ಅಂಗಡಿಯ ಹೆಸರಿನ ಮೊದಲಕ್ಷರಗಳ ಮುಂದೆ 123 ಎಂಬ ಒಂದೇ ಪಾಸ್‌ವರ್ಡ್. ಕಡತಗಳಿದ್ದ ಕೋಶಕ್ಕಂತೂ ಪಾಸ್‌ವರ್ಡೇ ಇಲ್ಲ. ಹಿಂದೊಮ್ಮೆ ಪ್ರಿಂಟರು ಸರಿಪಡಿಸಲು ಬಂದವನು ಅನುಕೂಲಕ್ಕೆಂದು ಅದನ್ನು ಎಲ್ಲರಿಗೂ ತೆರೆದಿಟ್ಟು ಹೋಗಿದ್ದನು. ಯಾರೂ ಕೇಳಲಿಲ್ಲ, ಏಕೆಂದರೆ ಎಲ್ಲವೂ ನಡೆಯುತ್ತಿತ್ತು.

ವಿಂಡೋಸ್ 10ಕ್ಕೆ ತಯಾರಕರ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಲಿತ್ತು. ಅದನ್ನು ಕೇಳಿ ಯಜಮಾನರು ಆಗಸ್ಟಿನಲ್ಲಿ ವಿಂಡೋಸ್ 11ರ ಪ್ರೊಫೆಷನಲ್ ಆವೃತ್ತಿಯಿದ್ದ ಹೊಸ ಯಂತ್ರವೊಂದನ್ನು ತರಿಸಿದರು. ಸರ್ವರನ್ನು ಮೊದಲು ಬದಲಿಸಬೇಕಿತ್ತೆಂಬುದು ಬೇರೆ ಮಾತು. ಹೊಸ ಯಂತ್ರ ಗಲ್ಲೆಯ ಪಕ್ಕದಲ್ಲಿ ಕುಳಿತಿತು. ಅಂತರ್ಜಾಲ ಬಂದಿತು, ಪ್ರಿಂಟರು ಓಡಿತು, ಸರ್ವರು ಮಾತ್ರ ಕಾಣಲಿಲ್ಲ. ‘ಜಾಲದ ಮಾರ್ಗ ಸಿಗಲಿಲ್ಲ’ ಎಂಬ ಅರ್ಥದ ಸಂದೇಶ ಮತ್ತೆ ಮತ್ತೆ ಬಂದಿತು. ದಶಲಕ್ಷಣ ಪರ್ವ ನಡೆದಿತ್ತು; ರಸೀದಿಗಳ ಗಡಿಬಿಡಿ. ಸೆಪ್ಟೆಂಬರ್ 3ರಂದು ಯಂತ್ರ ಮಾರಿದ ಅಂಗಡಿಯ ಹುಡುಗ ಫೋನಿನಲ್ಲಿಯೇ ಒಂದು ತಾಸು ಸೂಚನೆ ಕೊಟ್ಟನು. ಫೈರ್‌ವಾಲ್ ತೆಗೆಸಿದನು, ಏನೇನನ್ನೋ ಒತ್ತಿಸಿದನು. ಕೊನೆಗೆ ಸರ್ವರಿನಿಂದ ಪೆನ್‌ಡ್ರೈವಿನಲ್ಲಿ ಒಂದು ಕೋಶವನ್ನು ತಂದು ಹೊಸ ಯಂತ್ರಕ್ಕೆ ಹಾಕಿಸಿದನು. ಟ್ಯಾಲಿ ತೆರೆಯಿತು, ಟ್ರಸ್ಟಿನ ಹೆಸರು ಕಾಣಿಸಿತು. “ಆತು ನೋಡ್ರಿ, ಸದ್ಯಕ್ಕ ನಡಸ್ರಿ” ಎಂದನು. ಯಜಮಾನರ ಮೊಮ್ಮಗ, ನಿಪ್ಪಾಣಿಯ ಕಾಲೇಜಿಗೆ ಹೋಗುವ ಹುಡುಗ, ಹೊಸ ಯಂತ್ರ ಸರ್ವರಿಗೆ ಜೋಡಣೆಯಾಯಿತೆಂದೇ ತಿಳಿದನು.

ಸೆಪ್ಟೆಂಬರ್ 4ರಿಂದ 6ರವರೆಗೆ, ಅನಂತ ಚತುರ್ದಶಿಯ ತನಕ, ಅವನು ಹೊಸ ಯಂತ್ರದಲ್ಲಿ ಹನ್ನೊಂದು ರಸೀದಿ ಹರಿದನು. ಅದೇ ದಿನಗಳಲ್ಲಿ ದಿವಾಣಜಿ ತಮ್ಮ ಹಳೆಯ ಯಂತ್ರದಲ್ಲಿ ಬೇರೆ ದಾನಿಗಳ ರಸೀದಿ ಬರೆದರು. ಚತುರ್ದಶಿಯ ಅಭಿಷೇಕದ ಸವಾಲಿನಲ್ಲಿ ಒಂದು ಕುಟುಂಬ ಹನ್ನೊಂದು ಸಾವಿರ ಕೂಗಿ, ಅಂದೇ ಹಣ ತೆತ್ತು, ಹುಡುಗನಿಂದ 214ನೆಯ ನಂಬರಿನ ರಸೀದಿ ಪಡೆದುಕೊಂಡಿತು.

ಕ್ಷಮಾವಣಿ ಕಳೆದ ಮೇಲೆ ಸವಾಲು ಹಿಡಿದವರ ಪಟ್ಟಿಯನ್ನು ಬಸದಿಯ ಫಲಕಕ್ಕೆ ಹಚ್ಚಿದರು. ಅದರಲ್ಲಿ ಆ ಕುಟುಂಬದ ಹೆಸರಿರಲಿಲ್ಲ. ಅವರು ರಸೀದಿ ಹಿಡಿದು ಕಮಿಟಿಗೆ ಬಂದರು. ಸರ್ವರಿನ ಲೆಕ್ಕದಲ್ಲಿ 214ನೆಯ ರಸೀದಿ ಬೇರೊಬ್ಬರ ಹೆಸರಿನಲ್ಲಿ 501 ರೂಪಾಯಿಗೆ ಇತ್ತು. ಇನ್ನೊಂದು ಅನುಮಾನವೂ ಎದ್ದಿತು. ಕುಟುಂಬದ ಕೈಯಲ್ಲಿದ್ದ ರಸೀದಿಯ ತಾರೀಖು ಸೆಪ್ಟೆಂಬರ್ 2. ಸವಾಲು ನಡೆದದ್ದು ಅದಾದ ಮೇಲೆ! ಹುಡುಗನನ್ನು ಕೇಳಿದರೆ, “ನಾನೇ ಬರದೀನಿ, ಕಂಪ್ಯೂಟರಿನ್ಯಾಗ ಹಾಕೀನಿ” ಎಂದನು. ಹಾಗಾದರೆ ಹಾಕಿದ್ದನ್ನು ಯಾರೋ ತೆಗೆದು ಆ ನಂಬರಿಗೆ ಬೇರೆ ಹೆಸರು ಕೂಡಿಸಿರಬೇಕು. ಆ ಲೆಕ್ಕಕ್ಕೆ ಕೈ ಹಚ್ಚುವವರು ಇನ್ನಾರು? ದಿವಾಣಜಿ, ಹಣವೆಲ್ಲ ಬ್ಯಾಂಕಿಗೆ ಹೋಗಿದೆಯೆಂದೂ, ರಸೀದಿಗಳಿಗಿಂತ ಹೆಚ್ಚು ಬಂದುದನ್ನು ಭಂಡಾರದ ಪೆಟ್ಟಿಗೆಯ ಜಮೆಯೆಂದು ಕೈಯಿಂದ ಬರೆದಿಟ್ಟಿರುವುದಾಗಿಯೂ ಹೇಳಿದರು. ನಂಬಿದವರೂ ಇದ್ದರು. ಆದರೆ ಒಬ್ಬ ಸದಸ್ಯರು, “ಮಶಿನ್ ಏನ್ ಸುಳ್ಳ ಹೇಳೂದಿಲ್ಲಲ್ಲ” ಎಂದರು. ದಿವಾಣಜಿ ಕಪಾಟಿನ ಕೀಲಿಯನ್ನು ಜಮಖಾನೆಯ ಮೇಲಿಟ್ಟು, ಯಜಮಾನರಿಗೆ ಕೈಮುಗಿದು ಎದ್ದು ಹೋದರು. ಮುಂದೆ ಮೂರು ವಾರ ಅವರು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಯಂತ್ರ ಸುಳ್ಳು ಹೇಳಿರಲಿಲ್ಲವೆಂಬುದು ನಿಜವೇ. ಯಾವ ಯಂತ್ರವನ್ನು ಕೇಳುತ್ತಿದ್ದೇವೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ದಸರೆಗೆ ಯಜಮಾನರ ತಮ್ಮನ ಮಗಳು ಬೆಳಗಾವಿಯಿಂದ ಬಂದಳು. ಅವಳು ಅಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಕಯಂತ್ರಗಳ ಪ್ರಯೋಗಾಲಯ ನೋಡಿಕೊಳ್ಳುವವಳು. ಹಬ್ಬಕ್ಕೆ ಬಂದವಳನ್ನು ಯಜಮಾನರು ಕೇಳಿದ್ದು ರಸೀದಿಯ ವಿಷಯವನ್ನಲ್ಲ. ಅರಿವೆ ಮುಚ್ಚಿ ಮೂಲೆಯಲ್ಲಿಟ್ಟಿದ್ದ ಹೊಸ ಯಂತ್ರವನ್ನು ಸರ್ವರಿಗೆ ಕೂಡಿಸಿಕೊಡು ಎಂದಷ್ಟೇ. ಅವಳು ಮುಂದುವರಿದ ಕ್ರಮ ಅಂಗಡಿ ನಡೆಸುವ ಯಾರಿಗೂ ಉಪಯೋಗವಾಗುವಂಥದು, ಆದುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಅವಳು ಮೊದಲು ಕುಳಿತದ್ದು ಕೆಟ್ಟ ಯಂತ್ರದ ಮುಂದಲ್ಲ, ಚೆನ್ನಾಗಿ ನಡೆಯುತ್ತಿದ್ದ ಹಳೆಯ ಯಂತ್ರದ ಮುಂದೆ. ಅಲ್ಲಿ ಸರ್ವರಿನ ಸಂಖ್ಯಾರೂಪದ ವಿಳಾಸವನ್ನು ಬರೆದುಕೊಂಡಳು, ‘ಪಿಂಗ್’ ಎಂಬ ಆಜ್ಞೆಯಿಂದ ಸರ್ವರನ್ನು ಕೂಗಿ ನೋಡಿದಳು; ಉತ್ತರ ಬಂದಿತು. ಅಂದರೆ ಸರ್ವರು ಬದುಕಿದೆ, ಕೂಗಿದರೆ ಓಗೊಡುತ್ತದೆ. ಅದೇ ಕೂಗನ್ನು ಹೊಸ ಯಂತ್ರದಿಂದ ಹಾಕಿದಾಗ ಉತ್ತರವಿಲ್ಲ. ಹೊಸ ಯಂತ್ರದ ಸ್ವಂತ ವಿಳಾಸ ನೋಡಿದಳು. ಹಳೆಯ ಯಂತ್ರಗಳದು 192.168.1ರಿಂದ ಆರಂಭವಾದರೆ ಇದರದು 192.168ರ ಮುಂದೆ ಬೇರೆಯೇ ಅಂಕಿ.

“ಇದು ಬ್ಯಾರೆ ಓಣ್ಯಾಗೈತಿ, ದೊಡ್ಡಪ್ಪ” ಎಂದಳು.

ಕಾರಣ ಹುಡುಕಲು ತಂತಿಯ ಬೆನ್ನು ಹತ್ತಿ ಮಾಳಿಗೆಯವರೆಗೆ ಹೋಗಬೇಕಾಯಿತು. ಹಳೆಯ ಯಂತ್ರಗಳೂ ಸರ್ವರೂ ಮೊದಲಿನ ರೌಟರಿಗೆ ಸೇರಿದ್ದವು. ಹಿಂದಿನ ವರ್ಷ ಫೈಬರ್ ಸಂಪರ್ಕ ಕೊಟ್ಟವರು ತಮ್ಮ ಹೊಸ ಪೆಟ್ಟಿಗೆಯನ್ನು ತಂದು, ಹಳೆಯ ರೌಟರನ್ನು ಅದರ ಹಿಂದೆ ಜೋಡಿಸಿದ್ದರು. ಹೊಸ ಯಂತ್ರವನ್ನು ಹುಡುಗ ಹೊಸ ಪೆಟ್ಟಿಗೆಯ ವೈಫೈಗೆ ಸೇರಿಸಿದ್ದನು. ಎರಡು ಕಡೆಗೂ ಅಂತರ್ಜಾಲ ಬರುತ್ತಿದ್ದುದರಿಂದ ಎಲ್ಲವೂ ಒಂದೇ ಜಾಲವೆಂಬ ಭ್ರಮೆ. ಆದರೆ ಒಳಗಿನ ರೌಟರು ತನ್ನ ಹಿಂದಿನ ಯಂತ್ರಗಳನ್ನು ಹೊರಗಿನವುಗಳಿಂದ ಮರೆಮಾಡುತ್ತದೆ. ಒಳಗಿನವು ಹೊರಗೆ ಹೋಗಬಲ್ಲವು, ಹೊರಗಿನವು ಒಳಗೆ ಬರಲಾರವು. ಅಂತರ್ಜಾಲ ಬಂದರೆ ಸರ್ವರೂ ಸಿಗಬೇಕೆಂಬುದು ತಪ್ಪು ತಿಳಿವಳಿಕೆ. ಅವಳು ಹೊಸ ಯಂತ್ರಕ್ಕೆ ತಂತಿ ಎಳೆದು ಹಳೆಯ ರೌಟರಿಗೇ ಸೇರಿಸಿದಳು. ವಿಳಾಸ 192.168.1ಕ್ಕೆ ಬಂದಿತು. ಕೂಗಿದಾಗ ಸರ್ವರು ಓಗೊಟ್ಟಿತು. (ಎಲ್ಲಿಯಾದರೂ ವಿಳಾಸ 169.254ರಿಂದ ಆರಂಭವಾದರೆ ಆ ಯಂತ್ರಕ್ಕೆ ವಿಳಾಸ ಕೊಡುವವರು ಯಾರೂ ಸಿಗದೆ ಅದು ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಆಗ ಮೊದಲು ನೋಡತಕ್ಕದ್ದು ತಂತಿಯನ್ನೂ ರೌಟರನ್ನೂ.)

ಓಗೊಟ್ಟರೂ ಬಾಗಿಲು ತೆರೆಯಲಿಲ್ಲ. ಈಗ ಸಂದೇಶ ಬದಲಾಗಿತ್ತು: ನಿಮ್ಮ ಸಂಸ್ಥೆಯ ಸುರಕ್ಷತಾ ನಿಯಮಗಳ ಪ್ರಕಾರ ಗುರುತಿಲ್ಲದ ಅತಿಥಿಗೆ ಪ್ರವೇಶವಿಲ್ಲ ಎಂಬ ಭಾವದ್ದು. “ಯಾವ ಸಂಸ್ಥಾ ಆತ್ಯಾ? ನಮ್ಮ ಬಸದಿ ಕಮಿಟೀನ?” ಎಂದು ಹುಡುಗ ಕೇಳಿದನು. ನಗು ಬರುವ ಪ್ರಶ್ನೆಯಾದರೂ, ಅಷ್ಟೇನೂ ದೂರದ್ದಲ್ಲ. ಸರ್ವರಿನ ಕೋಶ ಪಾಸ್‌ವರ್ಡಿಲ್ಲದೆ ಯಾರು ಬಂದರೂ ‘ಅತಿಥಿ’ ಎಂದು ಒಳಗೆ ಬಿಡುತ್ತಿತ್ತು. ಹಳೆಯ ಯಂತ್ರಗಳು ಅದಕ್ಕೆ ಒಪ್ಪಿಕೊಂಡಿದ್ದವು. ವಿಂಡೋಸ್ 11ರ 2024ರ ಆವೃತ್ತಿಯಿಂದ ಪ್ರೊಫೆಷನಲ್ ಯಂತ್ರಗಳು ಇಂಥ ಹೆಸರಿಲ್ಲದ ಪ್ರವೇಶವನ್ನು ತಾವೇ ನಿರಾಕರಿಸುತ್ತವೆ. ಬರುವ ಹೋಗುವ ಪ್ರತಿಯೊಂದು ಸಂದೇಶಕ್ಕೂ ಸಹಿ ಬೇಕೆನ್ನುತ್ತವೆ. ಹೆಸರಿಲ್ಲದ ಅತಿಥಿ ಸಹಿ ಹಾಕುವುದೆಂತು? ದೋಷ ಹೊಸ ಯಂತ್ರದ್ದೆಂದು ಎಲ್ಲರೂ ಭಾವಿಸಿದ್ದರು. ವಾಸ್ತವದಲ್ಲಿ ಆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದು ಅದೊಂದೇ.

ಇಲ್ಲಿಯೇ ಅಡ್ಡದಾರಿಗಳು ಕಾಣಿಸುವುದು. ಫೋನಿನ ಹುಡುಗನನ್ನು ಮತ್ತೆ ಕೇಳಿದಾಗ ಅವನು ಎರಡು ಉಪಾಯ ಹೇಳಿದನು: ಹೊಸ ಯಂತ್ರದಲ್ಲಿ ಅತಿಥಿ ಪ್ರವೇಶವನ್ನು ಒಪ್ಪಿಸಿಬಿಡುವುದು, ಇಲ್ಲವೇ ಎಸ್‌ಎಂಬಿ 1 ಎಂಬ ಹಳೆಯ ಕಡತ ಹಂಚಿಕೆಯ ಪದ್ಧತಿಯನ್ನು ಮರಳಿ ಹಚ್ಚುವುದು. ಎರಡನೆಯದಂತೂ ಈ ತೊಡಕಿಗೆ ಸಂಬಂಧವೇ ಇಲ್ಲದ್ದು. ಆದರೂ ಎಲ್ಲ ರೋಗಕ್ಕೂ ಒಂದೇ ಕಷಾಯ ಎಂಬಂತೆ ಅದನ್ನು ಹೇಳುವವರು ಬಹಳ. 2017ರ ಮೇ ತಿಂಗಳಿನಲ್ಲಿ ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶ ನೂರೈವತ್ತರಷ್ಟು ದೇಶಗಳ ಗಣಕಯಂತ್ರಗಳಿಗೆ ಹಬ್ಬಿ, ಕಡತಗಳಿಗೆಲ್ಲ ಬೀಗ ಜಡಿದು ಹಣ ಬೇಡಿದ್ದು ಈ ಹಳೆಯ ಪದ್ಧತಿಯ ಬಿರುಕಿನ ಮೂಲಕವೇ. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳಿಸಬೇಕಾಯಿತು. ಆ ಬಿರುಕಿಗೆ ಮದ್ದು ಅದಕ್ಕಿಂತ ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಕೊಳ್ಳದವರು ನಷ್ಟಕ್ಕೊಳಗಾದರು. ಅದೇ ವರ್ಷದ ಕೊನೆಯಿಂದ ಹೊಸ ವಿಂಡೋಸ್‌ಗಳಲ್ಲಿ ಆ ಪದ್ಧತಿಯನ್ನು ಮೊದಲೇ ತೆಗೆದಿಟ್ಟು ಕಳಿಸಲಾಗುತ್ತಿದೆ.

ಯಜಮಾನರಿಗೆ ಮಾತ್ರ ಮೊದಲನೆಯ ಉಪಾಯ ರುಚಿಸಿತು. ಅಂಗಡಿ ತಮ್ಮದು, ಮನೆಯವರೇ ಎಲ್ಲ, ಅತಿಥಿಯನ್ನು ಹೊರಗೆ ನಿಲ್ಲಿಸುವುದು ಶ್ರಾವಕರ ಧರ್ಮವೇ, ಅತಿಥಿ ಸಂವಿಭಾಗವೆಂಬ ವ್ರತವೇ ಇಲ್ಲವೇ ಎಂದು ವಿನೋದವಾಡಿದರು.

“ಅತಿಥಿಗೆ ಊಟಾ ಹಾಕೂಣು ದೊಡ್ಡಪ್ಪ, ತಿಜೋರಿ ಕೀಲಿ ಕೊಡೂದ ಬ್ಯಾಡ” ಎಂದಳು ಮಗಳು.

ಅವಳ ಮಾತಿನಲ್ಲಿ ವಿನೋದಕ್ಕಿಂತ ಹೆಚ್ಚಿನದಿತ್ತು. ಆ ಕೋಶದಲ್ಲಿದ್ದುದು ಯಜಮಾನರ ಸಂಪತ್ತು ಮಾತ್ರವಾಗಿರಲಿಲ್ಲ. ಯಾವ ರೈತನ ಉದ್ರಿ ಎಷ್ಟು, ಯಾರು ಎರಡು ವರ್ಷದಿಂದ ತೀರಿಸಲಾರದೆ ಇದ್ದಾರೆ, ಯಾವ ಮನೆಯ ಹೆಣ್ಣುಮಗಳು ಗುಪ್ತದಾನವೆಂದು ಏನು ಕೊಟ್ಟಳು, ಇವೆಲ್ಲ ಅದರಲ್ಲಿದ್ದವು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಇವು ಬರುತ್ತವೆ. ಗುಟ್ಟನ್ನು ಹೊರಹಾಕುವುದು, ಸುಳ್ಳು ಬರಹ ಹುಟ್ಟಿಸುವುದು, ಒಪ್ಪಿಸಿಟ್ಟುದನ್ನು ಪೂರ್ತಿ ಹಿಂದಿರುಗಿಸದಿರುವುದು. ನ್ಯಾಸವೆಂದರೆ ಹಣ, ಒಡವೆ ಎಂದೇ ಬಹಳ ಕಾಲ ಅರ್ಥ ಹೇಳಿಕೊಂಡು ಬರಲಾಗಿದೆ. ನೂರಾರು ಮನೆಗಳ ವಿಷಯಗಳು ಒಬ್ಬ ವ್ಯಾಪಾರಿಯ ಯಂತ್ರದಲ್ಲಿ ಕೂಡಿಬಿದ್ದಿರುವಾಗ ಅವೂ ನ್ಯಾಸವೇ ಎನ್ನದೆ ವಿಧಿಯಿಲ್ಲ. ತೆರೆದಿಟ್ಟ ಕೋಶ ಯಾರನ್ನೂ ವಂಚಿಸುವುದಿಲ್ಲ ಎನ್ನಬಹುದು. ತಿಜೋರಿ ತೆರೆದಿಟ್ಟು ಮಲಗಿದವನೂ ಹಾಗೆಯೇ ಎನ್ನುತ್ತಾನೆ.

ಅವಳು ಸರ್ವರಿನಲ್ಲಿ ನಾಲ್ಕು ಹೆಸರು ಮಾಡಿದಳು: ಯಜಮಾನರದು, ಅವರ ಮಗನದು, ಮೊಮ್ಮಗನದು, ದಿವಾಣಜಿಯದು. ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡು. ಅಂಗಡಿಯ ಲೆಕ್ಕಕ್ಕೆ ಒಂದು ಕೋಶ, ಟ್ರಸ್ಟಿಗೆ ಇನ್ನೊಂದು. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಕೋಶವನ್ನು ಹಂಚಿಕೊಳ್ಳುವಾಗ ಕೊಡುವ ಪರವಾನಿಗೆ ಒಂದು, ಕೋಶಕ್ಕೆ ಡಿಸ್ಕಿನ ಮೇಲೆ ಇರುವ ಪರವಾನಿಗೆ ಇನ್ನೊಂದು. ಎರಡೂ ಒಪ್ಪಿದರೆ ಮಾತ್ರ ಪ್ರವೇಶ. ಗೋದಾಮಿನ ಬಾಗಿಲಿನ ಬೀಗ ತೆರೆದರೂ ಒಳಗಿನ ಕಪಾಟಿನದು ಹಾಗೆಯೇ ಉಳಿದಂತೆ. ಮೊದಲಿನದನ್ನು ಸರಿಪಡಿಸಿ ಎರಡನೆಯದನ್ನು ಮರೆತವರು ತಾಸುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ದಿವಾಣಜಿಗೆ ಅಂಗಡಿಗೊಂದು, ಬಸದಿಗೊಂದು ಎಂದು ಎರಡು ಹೆಸರು ಕೊಡುವ ವಿಚಾರವೂ ಬಂದಿತು. ಆದರೆ ಒಂದೇ ಯಂತ್ರದಿಂದ ಒಂದೇ ಸರ್ವರಿಗೆ ಏಕಕಾಲಕ್ಕೆ ಎರಡು ಹೆಸರುಗಳಿಂದ ಹೋಗಲು ವಿಂಡೋಸ್ ಬಿಡುವುದಿಲ್ಲ. ಒಬ್ಬರಿಗೆ ಒಂದೇ ಹೆಸರು ಕೊಟ್ಟು, ಅದಕ್ಕೆ ಎರಡೂ ಕೋಶಗಳ ಪರವಾನಿಗೆ ಕೊಡುವುದೇ ದಾರಿ.

ಪಾಸ್‌ವರ್ಡು ಹಚ್ಚಿದೊಡನೆ ಹಳೆಯ ಮೂರು ಯಂತ್ರಗಳೂ ನಿಂತವು. ಅವೂ ಅಲ್ಲಿಯವರೆಗೆ ಅತಿಥಿಗಳೇ ತಾನೆ. ಹಬ್ಬದ ವ್ಯಾಪಾರದ ಭರ, ಗಿರಾಕಿಗಳ ಸಾಲು, ಯಜಮಾನರ ಗೊಣಗಾಟ. ಅರ್ಧ ದಿನ ಬಿಲ್ಲುಗಳನ್ನು ಕೈಯಿಂದ ಬರೆಯಬೇಕಾಯಿತು. ಇಂಥ ಕೆಲಸಕ್ಕೆ ರಜೆಯ ದಿನವನ್ನು ಆರಿಸಿಕೊಳ್ಳುವುದು ಲೇಸು. ಸಂಜೆಗೆ ಕರೆಂಟು ಹೋಗಿ ಬಂದಾಗ ಸರ್ವರಿನ ವಿಳಾಸದ ಕೊನೆಯ ಅಂಕಿಯೇ ಬದಲಾಗಿ ಮತ್ತೊಮ್ಮೆ ಎಲ್ಲ ನಿಂತಿತು. ರೌಟರಿನಲ್ಲಿ ಸರ್ವರಿಗೆ ಒಂದು ಅಂಕಿಯನ್ನು ಕಾಯಂ ಮಾಡಿದ ಮೇಲೆ ಆ ತೊಂದರೆ ಮುಗಿಯಿತು. ಹಿಂದೆ ತೆಗೆಸಿದ್ದ ಫೈರ್‌ವಾಲನ್ನೂ ಅವಳು ಹೊಸ ಯಂತ್ರದಲ್ಲಿ ಪುನಃ ಹಚ್ಚಿದಳು. ಅದು ತಡೆಯುವುದು ಹೊರಗಿನಿಂದ ಬರುವವರನ್ನು. ಯಂತ್ರ ತಾನಾಗಿ ಎದ್ದು ಸರ್ವರಿನ ಬಾಗಿಲು ತಟ್ಟುವುದಕ್ಕೆ ಅದರಿಂದ ಅಡ್ಡಿಯೇ ಇರಲಿಲ್ಲ.

ಉಳಿದದ್ದು ಟ್ಯಾಲಿ. ಹೊಸ ಯಂತ್ರದ ಟ್ಯಾಲಿ ಕಡತಗಳನ್ನು ಎಲ್ಲಿಂದ ತೆರೆಯುತ್ತಿದೆ ಎಂದು ನೋಡಲು ಅವಳು ಅದರ ಮಾರ್ಗವನ್ನು ತೆಗೆದಳು. ಅದು ಸರ್ವರಿನತ್ತ ಇರಲಿಲ್ಲ. ಅದೇ ಯಂತ್ರದ ಸ್ವಂತ ಡಿಸ್ಕಿನತ್ತ ಇತ್ತು. ಅಲ್ಲಿ ಟ್ರಸ್ಟಿನ ಲೆಕ್ಕದ ಪೂರ್ಣ ಪ್ರತಿ ಇತ್ತು. ಪೆನ್‌ಡ್ರೈವಿನಲ್ಲಿ ಬಂದದ್ದು ಅದೇ.

ಅವಳು ಅದನ್ನು ತೆರೆದು, ಹುಡುಗನನ್ನು ಕರೆದು, 214ನೆಯ ರಸೀದಿಯನ್ನು ತೋರಿಸಿದಳು. ಕುಟುಂಬದ ಹೆಸರು, ಹನ್ನೊಂದು ಸಾವಿರ, ಸೆಪ್ಟೆಂಬರ್ 2. ಅದರ ಕೆಳಗೆ 224ರವರೆಗೆ ಇನ್ನೂ ಹತ್ತು. ಪ್ರತಿ ಮಾಡಿದ ದಿನ ಕೊನೆಯ ನಂಬರು 213 ಇದ್ದುದರಿಂದ ಎರಡೂ ಯಂತ್ರಗಳು 214ರಿಂದಲೇ ಮುಂದುವರಿದಿದ್ದವು. ಯಾರೂ ಏನನ್ನೂ ಅಳಿಸಿರಲಿಲ್ಲ.

ತಾರೀಖಿನ ಒಗಟೂ ಬಿಡಿಸಿತು. ಪರವಾನಿಗೆ ಇರುವ ಯಂತ್ರವನ್ನು ತಲುಪಲಾರದ ಟ್ಯಾಲಿ ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಇರುವ ರೀತಿಯಲ್ಲಿ ತೆರೆಯುತ್ತದೆ. ಆ ರೀತಿಯಲ್ಲಿ ತಿಂಗಳ ಮೊದಲೆರಡು ದಿನ ಸೇರಿದಂತೆ ಕೆಲವೇ ದಿನಗಳ ತಾರೀಖನ್ನು ಮಾತ್ರ ಒಪ್ಪುತ್ತದೆ. ಹುಡುಗ ಅಂದಿನ ತಾರೀಖನ್ನು ಒತ್ತಿದಾಗ ಅದು ಒಪ್ಪಲಿಲ್ಲ. ಸಾಲಿನಲ್ಲಿ ಜನ ನಿಂತಿದ್ದರು. ಒಪ್ಪಿದ ತಾರೀಖನ್ನು ಹಾಕಿ ರಸೀದಿ ಹರಿದನು, ಆಮೇಲೆ ಮರೆತನು. ಸುಳ್ಳು ಬರಹ ಹುಟ್ಟಬೇಕಾದರೆ ಸುಳ್ಳ ಬೇಕೆಂದೇನೂ ಇಲ್ಲ, ಅವಸರವೊಂದಿದ್ದರೆ ಸಾಕು. ಯಂತ್ರ ಬೇಡವೆಂದುದನ್ನು ಏಕೆ ಬೇಡವೆಂದಿತೆಂದು ಕೇಳದೆ ಒಪ್ಪುವಂತೆ ಬರೆಯುವ ಅಭ್ಯಾಸ ಹುಡುಗರಿಗೆ ಮಾತ್ರ ಇರುವಂಥದೂ ಅಲ್ಲ.

ಅಷ್ಟರಲ್ಲಿ ಯಜಮಾನರು ದಿವಾಣಜಿಯ ಕೈಬರಹದ ರೋಜಕೀರ್ದಿಯನ್ನು ತರಿಸಿದ್ದರು. ಗಣಕಯಂತ್ರ ಬಂದು ಎಷ್ಟೋ ವರ್ಷವಾದರೂ ದಿವಾಣಜಿ ಅದನ್ನು ಬಿಟ್ಟಿರಲಿಲ್ಲ. ಮನೆಯವರಿಗೆಲ್ಲ ಅದು ಹಾಸ್ಯದ ವಸ್ತುವಾಗಿತ್ತು. ಪರ್ವದ ಆ ಮೂರು ದಿನಗಳ ಪುಟಗಳಲ್ಲಿ ರಸೀದಿಗಳ ಮೊತ್ತಕ್ಕಿಂತ ಹೆಚ್ಚಾಗಿ ಪೆಟ್ಟಿಗೆಯಲ್ಲಿ ಕಂಡ ಹಣವನ್ನು ದಿನದಿನಕ್ಕೆ ಭಂಡಾರದ ಜಮೆಯೆಂದು ಬರೆದಿತ್ತು. ಮೂರನ್ನೂ ಕೂಡಿಸಿದರೆ 17,610 ರೂಪಾಯಿ. ಹೊಸ ಯಂತ್ರದ ಹನ್ನೊಂದು ರಸೀದಿಗಳನ್ನು ಹುಡುಗ ಕೂಡಿಸಿದನು: 17,610.

ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆ ರಾತ್ರಿಯೇ ಮೊಮ್ಮಗನನ್ನು ಕರೆದುಕೊಂಡು ದಿವಾಣಜಿಯ ಮನೆಗೆ ಹೋದರು. ಅಲ್ಲಿ ನಡೆದ ಮಾತು ಅವರಿಗೆ ಸೇರಿದ್ದು.

ಈ ಪ್ರಕರಣದಲ್ಲಿ ವಿಚಾರ ಮಾಡತಕ್ಕ ಅಂಶವೊಂದಿದೆ. ದಿವಾಣಜಿಯನ್ನು ಉಳಿಸಿದ್ದು ಅವರ ಅಕ್ಷರ. ಗಣಕಯಂತ್ರದಲ್ಲಿ ಎಲ್ಲರೂ ‘ಅಡ್ಮಿನ್’ ಆಗಿದ್ದುದರಿಂದ ತಾನು ಮಾಡಲಿಲ್ಲವೆಂದು ತೋರಿಸುವ ಸಾಧನವೇ ಅವರಿಗೆ ಇರಲಿಲ್ಲ. ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸುವುದು ಪರಸ್ಪರ ವಿಶ್ವಾಸದ ಗುರುತೆಂದು ವ್ಯಾಪಾರಿ ಕುಟುಂಬಗಳಲ್ಲಿ ಎಣಿಸುವುದುಂಟು. ಬೇರೆ ಬೇರೆ ಕೀಲಿ ಕೊಟ್ಟರೆ ‘ನನ್ನ ಮೇಲೆ ನಂಬಿಕೆ ಇಲ್ಲವೇ’ ಎಂದು ನೊಂದುಕೊಳ್ಳುವವರೂ ಉಂಟು. ಎಲ್ಲವೂ ಸುಗಮವಾಗಿರುವ ತನಕ ಆ ಎಣಿಕೆ ನಡೆಯುತ್ತದೆ. ಒಂದು ರಸೀದಿ ತಪ್ಪಿದ ದಿನ ಪ್ರಾಮಾಣಿಕನೂ ಅಪ್ರಾಮಾಣಿಕನೂ ಒಂದೇ ಹೆಸರಿನ ಕೆಳಗೆ ನಿಲ್ಲಬೇಕಾಗುತ್ತದೆ, ಆಗ ಪ್ರಾಮಾಣಿಕನಿಗೇ ಹಾನಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕೆಂದು ನಿಯಮವಾಗಿದೆ. ಆ ನಿಯಮ ಕಂಪನಿಗಳಿಗೆ; ಪಾಲುದಾರಿಕೆಯ ಕಿರಾಣಿ ಅಂಗಡಿಗಾಗಲಿ ಊರ ಬಸದಿಗಾಗಲಿ ಅನ್ವಯಿಸದು. ಆದರೆ ಆ ಸೌಕರ್ಯ ತಂತ್ರಾಂಶದಲ್ಲಿ ಇದ್ದೇ ಇದೆ. ಕಾನೂನು ಕೇಳದಿದ್ದರೂ ಟ್ರಸ್ಟುಗಳು ಅದನ್ನು ಹಚ್ಚಿಕೊಳ್ಳುವುದು ಉಚಿತ. ಬೇರೆ ಬೇರೆ ಹೆಸರುಗಳಿಲ್ಲದೆ ಅದನ್ನು ಹಚ್ಚಿದರೆ ಮಾತ್ರ ಪ್ರತಿ ಸಾಲಿಗೂ ‘ಅಡ್ಮಿನ್’ ಎಂದೇ ಬರುತ್ತದೆ.

ಮರುವಾರ ಕಮಿಟಿ ಕೂಡಿತು. ಪ್ರತಿಯಲ್ಲಿದ್ದ ಹನ್ನೊಂದು ರಸೀದಿಗಳನ್ನು ಸರ್ವರಿನ ಲೆಕ್ಕಕ್ಕೆ ಹೊಸ ನಂಬರುಗಳಿಂದ ಏರಿಸಿ, ಭಂಡಾರದಿಂದ ಅಷ್ಟು ಮೊತ್ತವನ್ನು ಸರಿಯಾದ ಖಾತೆಗಳಿಗೆ ವರ್ಗ ಮಾಡಲು ಠರಾವಾಯಿತು. ದಾನಿಗಳಿಂದ ಹಳೆಯ ರಸೀದಿ ಪಡೆದು, ನಿಜವಾದ ತಾರೀಖಿನ ರಸೀದಿ ಕೊಟ್ಟರು. ಹಳೆಯವನ್ನು ಹರಿದು ಹಾಕಬಹುದೆಂದು ಒಬ್ಬರು ಸೂಚಿಸಿದಾಗ ದಿವಾಣಜಿ ಒಪ್ಪಲಿಲ್ಲ. ರದ್ದಾದ ರಸೀದಿಗಳನ್ನು ಅಡ್ಡಗೆರೆ ಎಳೆದು ಕಾರಣ ಬರೆದು ಕಡತದಲ್ಲಿ ಇಡಿಸಿದರು. ‘ಮಶಿನ್ ಸುಳ್ಳು ಹೇಳುವುದಿಲ್ಲ’ ಎಂದಿದ್ದ ಸದಸ್ಯರೇ ಠರಾವಿಗೆ ಅನುಮೋದನೆ ಕೊಟ್ಟರು. ಹೊಸ ಯಂತ್ರದೊಳಗಿನ ಪ್ರತಿಯನ್ನು ಒಂದು ಡಿಸ್ಕಿಗೆ ಇಳಿಸಿ ಬಸದಿಯ ತಿಜೋರಿಯಲ್ಲಿಟ್ಟು, ಯಂತ್ರದಿಂದ ತೆಗೆದುಹಾಕಲಾಯಿತು.

ಸರ್ವರನ್ನು ದೀಪಾವಳಿಯೊಳಗೆ ಬದಲಿಸಿದರು. ಪ್ರತಿ ರಾತ್ರಿ ಲೆಕ್ಕದ ನಕಲು ಬೇರೊಂದು ಡಿಸ್ಕಿಗೆ ಹೋಗುತ್ತದೆ. ವಾರಕ್ಕೊಮ್ಮೆ ಡಿಸ್ಕನ್ನು ಬಿಡಿಸಿ ಅಂಗಡಿಯ ಹೊರಗಿಡುವ ಹೊಣೆ ಮೊಮ್ಮಗನದು. ನಕಲಿನ ಹೆಸರಿನಲ್ಲಿಯೇ ತಾರೀಖೂ ‘ನಕಲು’ ಎಂಬ ಮಾತೂ ಇರುವುದರಿಂದ ಅದನ್ನು ಯಾರೂ ಮೂಲವೆಂದು ತೆರೆಯಲಾರರು. ದಿವಾಣಜಿ ಮರಳಿ ಗಾದಿಗೆ ಬಂದಿದ್ದಾರೆ. ತಮ್ಮ ಹೆಸರಿನ ಪಾಸ್‌ವರ್ಡನ್ನು ತಾವೇ ಇಟ್ಟುಕೊಂಡರು. ಮೊದಲ ದಿನ ಯಜಮಾನರು ರೂಢಿಯಂತೆ, “ಏನ್ ಇಟ್ಟೀರಿ ದಿವಾಣಜಿ, ನನಗೂ ಹೇಳಿಡ್ರಿ” ಎಂದು ಕೇಳಿದರು. ದಿವಾಣಜಿ ಕನ್ನಡಕ ಸರಿಪಡಿಸಿಕೊಂಡು, “ಅದನ್ನ ಕೇಳಬಾರದ್ರಿ ಸಾವಕಾರ್ರ” ಎಂದು, ಅಂದಿನ ಬೇಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಂಡರು.